ಕಮ್ಮಾರನ ಎಡ ಮಣಿಕಟ್ಟು

"ಮೇಷ್ಟ್ರೇ, ಕಾರಣ ಹೇಳದೆ ಎಲ್ಲದಕ್ಕೂ ಬೇಡ ಎನ್ನುವ ರೋಗಿಯನ್ನು ದಾರಿಗೆ ತರುವುದು ಹೇಗೆ?"

ಕೇಳಿದವಳು ಶಶಿರೇಖಾ. ಕೈ ತೋಳುಗಳ ಶಕ್ತಿ ಕಳೆದುಕೊಂಡವರಿಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವ ಥೆರಪಿಸ್ಟ್. ಕೇಳಿಸಿಕೊಂಡವರು ಕೊಟ್ರಬಸಪ್ಪ ಮೇಷ್ಟ್ರು. ಅವಳಿಗೆ ಆ ವಿದ್ಯೆ ಕಲಿಸಿದವರು ಅವರೇ. ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಗಿತ್ತು, ಸಿಟ್ಟಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

"ಯಾವ ದಾರಿಗೆ?" ಎಂದರು ಮೇಷ್ಟ್ರು.

"ಸರಿಯಾದ ದಾರಿಗೆ. ಆರು ವಾರದಿಂದ ಒಬ್ಬ ಹೆಂಗಸಿಗೆ ಹೇಳಿಕೊಡುತ್ತಿದ್ದೇನೆ. ಆಕೆಯ ಎಡಭುಜ ಬಿಗಿದುಕೊಂಡುಬಿಟ್ಟಿದೆ. ನನ್ನೆದುರಿಗೆ ಹೂಂ ಎಂದು ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಏನೂ ಮಾಡುವುದಿಲ್ಲ. ಇದು ಬೇಡ, ಅದೂ ಬೇಡ. ಯಾಕೆ ಎಂದರೆ ಗೋಡೆ ನೋಡುತ್ತಾರೆ. ಬಯ್ದೂ ನೋಡಿದೆ, ಬೇಡಿಕೊಂಡೂ ನೋಡಿದೆ. ನನಗಂತೂ ತಲೆ ಚಿಟ್ಟು ಹಿಡಿದುಹೋಗಿದೆ. ಇಷ್ಟು ಮೊಂಡು ಹೆಂಗಸನ್ನು ನಾನು ಕಂಡೇ ಇಲ್ಲ."

"ಮೊಂಡು" ಎಂದು ಮೇಷ್ಟ್ರು ಆ ಮಾತನ್ನು ಎರಡು ಸಲ ಹೇಳಿಕೊಂಡರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಹಾಕದೆ ಇರಲಾರೆ, ಅದೂ ಗೊತ್ತು. ಆದರೂ ಹೇಳಿರುತ್ತೇನೆ."

ಶಶಿರೇಖಾ ಕೂತಳು. ಮೇಷ್ಟ್ರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಕುಡುಗೋಲು, ಕೊಡಲಿ, ಗುದ್ದಲಿ ಮಾಡಿಕೊಡುವುದು, ಸವೆದದ್ದನ್ನು ಹಣಿದು ಹರಿತ ಮಾಡಿಕೊಡುವುದು ಅವನ ಕೆಲಸ. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಇಕ್ಕಳ. ನೋಡುವವರೆಲ್ಲ ಸುತ್ತಿಗೆಯ ಕೈಯನ್ನೇ ನೋಡುತ್ತಾರೆ. ಕೆಲಸ ಗೊತ್ತಿದ್ದವನನ್ನು ಕೇಳು, ಇಕ್ಕಳದ ಕೈ ತೋರಿಸುತ್ತಾನೆ. ಕೆಂಪಗೆ ಕಾದ ಕಬ್ಬಿಣವನ್ನು ಅಡೆಗಲ್ಲಿನ ಮೇಲೆ ಹಿಡಿದು, ಹೊರಳಿಸಿ, ಏಟು ಎಲ್ಲಿಗೆ ಬೀಳಬೇಕೋ ಅಲ್ಲಿಗೆ ತಂದುಕೊಡುವುದು ಆ ಕೈ.

ಪ್ರಾಯದಲ್ಲಿ ಒಮ್ಮೆ ಅವನು ಸೈಕಲ್ಲಿನಿಂದ ಬಿದ್ದಿದ್ದ. ಎಡ ಮಣಿಕಟ್ಟಿನೊಳಗೆ ಒಂದು ಪುಟ್ಟ ಮೂಳೆ ಬಿರುಕು ಬಿಟ್ಟಿತು. ಉಳುಕಿರಬೇಕು ಎಂದುಕೊಂಡು ಎಣ್ಣೆ ತಿಕ್ಕಿಸಿ ಮಾರನೆಯ ದಿನವೇ ಕುಲುಮೆಗೆ ಹೋದ. ಮೂಳೆ ಕೂಡಿಕೊಳ್ಳಲೇ ಇಲ್ಲ. ಇಪ್ಪತ್ತೈದು ವರ್ಷ ಸುತ್ತಿಗೆಯ ಏಟು ಇಕ್ಕಳದ ಮೂಲಕ ಬಂದು ಅಲ್ಲಿಗೇ ಬಡಿದು ಬಡಿದು, ಕೀಲೇ ಸವೆದುಹೋಯಿತು. ಐವತ್ತರ ಹೊತ್ತಿಗೆ ಇಕ್ಕಳ ಹಿಡಿದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಕಾದ ಕಬ್ಬಿಣ ಎರಡು ಸಲ ಜಾರಿತು. ಎರಡನೆಯ ಸಲ ಅದು ಬಿದ್ದದ್ದು ಜೊತೆಗೆ ಕೆಲಸ ಮಾಡುತ್ತಿದ್ದ ಅಣ್ಣನ ಪಾದದ ಪಕ್ಕದಲ್ಲಿ. ಅಂದಿನಿಂದ ಅಣ್ಣ ಇವನ ಕೈಯಿಂದ ಇಕ್ಕಳ ಕಿತ್ತುಕೊಂಡು, ಕೆಂಡಕ್ಕೆ ಗಾಳಿ ಊದುವ ತಿದಿ ಒತ್ತಲು ಕೂರಿಸಿದ. ಅವರ ಕುಲುಮೆಯಲ್ಲಿ ತಿದಿ ಒತ್ತುವುದು ಕೆಲಸ ಬಾರದವರ ಕೆಲಸ. ಐವತ್ತು ವರ್ಷದ ಕಮ್ಮಾರ ಅಲ್ಲಿ ತಲೆ ತಗ್ಗಿಸಿ ಕೂತ. ಅವನಿಗೆ ತುಂಬ ಅವಮಾನವಾಗಿತ್ತು.

ಮೂಳೆಯ ಡಾಕ್ಟರ ಹತ್ತಿರ ಹೋದ. ಡಾಕ್ಟರು ನೋಡಿ ಹೇಳಿದರು: "ಈ ಕೀಲು ಮುಗಿಯಿತಪ್ಪ. ಮೂಳೆಗಳನ್ನು ಒಂದಕ್ಕೊಂದು ಸೇರಿಸಿ ಲೋಹದ ಪಟ್ಟಿ ಹಾಕಿ ಬಿಗಿದುಬಿಡುತ್ತೇನೆ. ನೋವು ಹೋಗುತ್ತದೆ. ಆದರೆ ಆಮೇಲೆ ಮಣಿಕಟ್ಟು ಬಗ್ಗುವುದಿಲ್ಲ."

"ಬೆಸುಗೆ" ಎಂದ ಕಮ್ಮಾರ.

"ಬೆಸುಗೆಯೇ. ಯಾವ ಓರೆಯಲ್ಲಿ ಬೆಸೆಯುತ್ತೇನೋ ಸಾಯುವ ತನಕ ಅದೇ ಓರೆ. ಹಿಂದಕ್ಕೆ ಬಾಗಿರಬೇಕೋ ನೆಟ್ಟಗಿರಬೇಕೋ ಮೊದಲೇ ನೋಡಿಕೋ. ಮೂರು ವಾರ ಟೈಮ್ ಕೊಡುತ್ತೇನೆ."

ಹೀಗೆಂದು ಅವನನ್ನು ಅದೇ ಆಸ್ಪತ್ರೆಯ ಥೆರಪಿಸ್ಟ್ ಒಬ್ಬಳ ಹತ್ತಿರ ಕಳಿಸಿದರು. ಆ ಊರಿನ ಜನ ಅವಳನ್ನು ಕೈ ಮೇಡಂ ಎನ್ನುತ್ತಿದ್ದರು. ಒಂಬತ್ತು ವರ್ಷದ ಅನುಭವ. ಒಳ್ಳೆಯ ಹೆಸರು. ಹೆಸರಿಗೆ ತಕ್ಕ ಕೆಲಸವೂ ಇತ್ತು, ಅದರಲ್ಲಿ ಸುಳ್ಳಿಲ್ಲ. ಸುಟ್ಟು ಮುರುಟಿದ ಬೆರಳು ಬಿಡಿಸಿದ್ದಳು, ನರ ಕತ್ತರಿಸಿದವರಿಗೆ ಕಣ್ಣು ಮುಚ್ಚಿ ಕಾಳು ಗುರುತಿಸುವುದನ್ನು ಕಲಿಸಿದ್ದಳು. ಕಮ್ಮಾರನ ಕೈ ನೋಡಿ, ಇದೇನು ಮಹಾ ಕೆಲಸ ಎಂದುಕೊಂಡಳು.

ನೀನೂ ತುಂಬುತ್ತೀಯಲ್ಲ, ಅದೇ ಫಾರಂ ಅವಳ ಬಳಿಯೂ ಇತ್ತು. ಮನುಷ್ಯ ಬೆಳಿಗ್ಗೆ ಎದ್ದಲ್ಲಿಂದ ಮಲಗುವ ತನಕ ಕೈಯಿಂದ ಮಾಡುವ ಮೂವತ್ತೆರಡು ಕೆಲಸಗಳ ಪಟ್ಟಿ. ಗುಂಡಿ ಹಾಕುವುದು, ಬಾಚುವುದು, ಬಿಂದಿಗೆ ಎತ್ತುವುದು, ಬಾಗಿಲ ಚಿಲಕ ಜಡಿಯುವುದು. ಕಮ್ಮಾರನಿಗಾಗಿ ಕೆಳಗೆ ಇಕ್ಕಳವನ್ನೂ ತಿದಿಯನ್ನೂ ಸೇರಿಸಿದಳು. ಆಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿಗೆ ಹಾಕಿದಳು. ಹಾಳೆ ಮೆತ್ತಗಾದಾಗ ತೆಗೆದು ಅವನ ಮಣಿಕಟ್ಟಿನ ಮೇಲೆ ಹೊದಿಸಿ ಒತ್ತಿ ಹಿಡಿದಳು. ಅದು ಆರಿ ಗಟ್ಟಿಯಾಗಿ, ಮಣಿಕಟ್ಟನ್ನು ಒಂದೇ ಓರೆಯಲ್ಲಿ ಹಿಡಿದಿಡುವ ಕವಚವಾಯಿತು.

ಕಮ್ಮಾರನಿಗೆ ಬಹಳ ಖುಷಿಯಾಯಿತು. "ಕಾಯಿಸಿ ಬಗ್ಗಿಸುವುದು! ಇದು ನಮ್ಮ ಕೆಲಸವೇ ಮೇಡಂ. ನೀವೂ ನಮ್ಮವರೇ ಆದಿರಿ" ಎಂದು ನಕ್ಕ.

ಮೊದಲನೆಯ ಕವಚವನ್ನು ಅವಳು ಪುಸ್ತಕದಲ್ಲಿ ಹೇಳಿದ ಓರೆಯಲ್ಲೇ ಮಾಡಿದ್ದಳು. ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿದ್ದರೆ ಮುಷ್ಟಿಗೆ ಬಲ ಹೆಚ್ಚು. "ನಾಲ್ಕು ದಿನ ಇದರಲ್ಲೇ ಬಾಳಿ ನೋಡಿ. ನೀರು ಬಿದ್ದರೂ ಇದಕ್ಕೇನೂ ಆಗುವುದಿಲ್ಲ. ಯಾವ ಕಾರಣಕ್ಕೂ ಬಿಚ್ಚಬೇಡಿ. ಬಿಚ್ಚಿದರೆ ಪರೀಕ್ಷೆ ಸುಳ್ಳಾಗುತ್ತದೆ" ಎಂದು ಹೇಳಿ ಕಳಿಸಿದಳು.

ನಾಲ್ಕು ದಿನ ಬಿಟ್ಟು ಅಣ್ಣ ಮತ್ತು ಹೆಂಡತಿಯ ಜೊತೆ ಬಂದ.

"ಇಕ್ಕಳ ಹಿಡಿದಿರಾ?"

"ಹಿಡಿದೆ ಮೇಡಂ. ಬಿಗಿಯಾಗಿ ಕೂತಿತು."

"ನಾನೇ ನೋಡಿದೆ. ಮೊದಲಿನ ಹಾಗೇ ಹಿಡಿದ" ಎಂದ ಅಣ್ಣ.

"ಹಾಗಾದರೆ ಡಾಕ್ಟರಿಗೆ ಇದೇ ಓರೆ ಹೇಳಿಬಿಡಲಾ?"

ಕಮ್ಮಾರ ಕವಚವನ್ನೇ ನೋಡುತ್ತ ಹೇಳಿದ: "ಬೇಡ."

"ಯಾಕೆ?"

"ಇದು ಬೇಡ ಮೇಡಂ. ಸರಿ ಬರಲ್ಲ."

ಅಣ್ಣ ಕಣ್ಣು ಕಣ್ಣು ಬಿಟ್ಟ. ಕೈ ಮೇಡಂ ಅಂಚು ಚುಚ್ಚುತ್ತದೆಯೇ ಎಂದು ನೋಡಿದಳು, ಚರ್ಮ ಕೆಂಪಾಗಿದೆಯೇ ಎಂದು ನೋಡಿದಳು. ಏನೂ ಇರಲಿಲ್ಲ. ಸರಿ ಎಂದು ಎರಡನೆಯದನ್ನು ಮಾಡಿದಳು. ಇದರಲ್ಲಿ ಮಣಿಕಟ್ಟು ಹಲಗೆಯ ಹಾಗೆ ನೆಟ್ಟಗಿತ್ತು. ನಾಲ್ಕು ದಿನ ಬಿಟ್ಟು ಬಂದಾಗ ಅಣ್ಣ, ಇಕ್ಕಳ ತುಸು ಸಡಿಲವಾಯಿತು, ಆದರೂ ನಡೆಯುತ್ತದೆ ಎಂದ. ಹೆಂಡತಿ, ದೇವರ ಮುಂದೆ ಕೈ ಜೋಡಿಸುವುದಕ್ಕೆ ಇದೇ ಲಕ್ಷಣವಾಗಿದೆ ಎಂದಳು. ಕಮ್ಮಾರ, ಬೇಡ ಎಂದ.

ಮೂರನೆಯದನ್ನು ಎರಡರ ನಡುವಿನ ಓರೆಯಲ್ಲಿ ಮಾಡಿದಳು. ಅದೂ ಬೇಡ.

ಕೈ ಮೇಡಂ ತಬ್ಬಿಬ್ಬಾದಳು. ಅವಳ ಕೈಗೆ ಇಂಥ ರೋಗಿ ಸಿಕ್ಕಿರಲಿಲ್ಲ. ನೋವು ಎಂದು ಅಳುವವರು ಗೊತ್ತು, ಸೋಮಾರಿಗಳು ಗೊತ್ತು, ಸುಳ್ಳು ಹೇಳುವವರೂ ಗೊತ್ತು. ಇವನು ಇದಾವುದೂ ಅಲ್ಲ. ಹೇಳಿದ್ದನ್ನೆಲ್ಲ ಮಾಡುತ್ತಾನೆ, ಎಲ್ಲ ಚೆನ್ನಾಗಿದೆ ಎನ್ನುತ್ತಾನೆ, ಕೊನೆಗೆ ಬೇಡ ಎನ್ನುತ್ತಾನೆ. ಫಾರಂ ತೆಗೆದು ನೋಡಿದಳು. ಮೂವತ್ತೆರಡು ಸಾಲಿನ ಮುಂದೆಯೂ ಸರಿ, ಸರಿ, ಸರಿ ಎಂದು ಅವಳದೇ ಅಕ್ಷರ. ಒಂದು ಸಾಲೂ ಖಾಲಿ ಇರಲಿಲ್ಲ. ಮತ್ತೆ ಯಾವುದು ಸರಿಯಿಲ್ಲ? ಏನೆಂದರೆ ಏನೂ ಹೊಳೆಯಲಿಲ್ಲ.

"ಆಪರೇಷನ್ ಎಂದರೆ ಅವನಿಗೆ ಹೆದರಿಕೆ ಇರಬೇಕು ಮೇಷ್ಟ್ರೇ" ಎಂದಳು ಶಶಿರೇಖಾ.

"ಹಾಕಿದೆಯಲ್ಲ ಬಾಯಿ! ಅವಳೂ ಹಾಗೇ ಅಂದುಕೊಂಡಳು. ಮುಂದೆ ಕೇಳು."

ಕೈ ಮೇಡಂ ಹೆಂಡತಿಯನ್ನು ಒಬ್ಬಳನ್ನೇ ಕರೆದು ಕೇಳಿದಳು. "ಅವರಿಗೆ ಭಯವೇನಾದರೂ ಇದೆಯೇನಮ್ಮಾ?"

"ಭಯವೋ ಭಕ್ತಿಯೋ ನನಗೂ ತಿಳಿಯದು ಮೇಡಂ. ಯಾವತ್ತೂ ದೇವರು ದಿಂಡರು ಅಂದವರಲ್ಲ. ಇದನ್ನು ಕಟ್ಟಿಕೊಂಡ ಮೇಲೆ ದಿನಾ ಬೆಳಿಗ್ಗೆ ಎದ್ದು ಹೊಳೆಗೆ ಹೋಗ್ತಾರೆ. ಈ ಚಳಿಯಲ್ಲಿ ಮುಳುಗಿ ಬರ್ತಾರೆ. ಒಂದು ಹೊತ್ತು ಊಟವನ್ನೂ ಬಿಟ್ಟಿದ್ದಾರೆ. ಕೈ ಸರಿಹೋಗಲಿ ಅಂತ ಹರಕೆ ಹೊತ್ತಿರಬೇಕು, ಹೇಳಿದರೆ ಫಲ ಹೋಗುತ್ತೆ ಅಂತ ನಾನೂ ಕೇಳಿಲ್ಲ."

ಕೈ ಮೇಡಂಗೆ ಇನ್ನಷ್ಟು ಗೊಂದಲವಾಯಿತು. ಹರಕೆ ಹೊರುವವನು ಆಪರೇಷನ್ ಬೇಕೆನ್ನುವವನು. ಬೇಡ ಎನ್ನುವವನು ಹರಕೆ ಯಾಕೆ ಹೊರುತ್ತಾನೆ? ಅಣ್ಣನನ್ನು ಕೇಳಿದಳು. ಅವನು, "ಇವನು ಹುಟ್ಟಾ ಹೀಗೇ ಮೇಡಂ. ಮನಸ್ಸಿನಲ್ಲಿ ಇರುವುದನ್ನು ಜಪ್ಪಯ್ಯ ಅಂದರೂ ಬಿಡುವುದಿಲ್ಲ" ಎಂದು ಬಯ್ದ. ಅವಳಿಗೆ ಅಣ್ಣನ ಮೇಲೂ ಅನುಮಾನ ಬಂತು. ತಮ್ಮ ಮತ್ತೆ ಇಕ್ಕಳ ಹಿಡಿಯುವುದು ಇವನಿಗೆ ಬೇಡವೇನೋ, ಮನೆಯಲ್ಲಿ ಹೆದರಿಸಿದ್ದಾನೇನೋ ಎಂದುಕೊಂಡಳು. ಅದನ್ನು ಪರೀಕ್ಷಿಸಲು ಕುಲುಮೆಗೇ ಹೋಗಿ ಅರ್ಧ ದಿನ ನಿಂತು ನೋಡಿದಳು. ಅಣ್ಣ ತಮ್ಮನ ಬೆವರು ಒರೆಸುತ್ತಿದ್ದ, ತನ್ನ ಬುತ್ತಿಯಲ್ಲಿ ಅವನಿಗೆ ಪಾಲು ಹಾಕುತ್ತಿದ್ದ. ಅವಳಿಗೆ ತನ್ನ ಅನುಮಾನಕ್ಕೆ ತಾನೇ ನಾಚಿಕೆಯಾಗಿ ವಾಪಸು ಬಂದಳು.

ಮೂರು ವಾರ ಮುಗಿಯುತ್ತ ಬಂತು. ಡಾಕ್ಟರು ಎದುರು ಸಿಕ್ಕಾಗಲೆಲ್ಲ, "ಎಷ್ಟು ಡಿಗ್ರಿ ಎಂದು ಹೇಳಿ ಸಾಕು, ಪುರಾಣ ಬೇಡ" ಎನ್ನುತ್ತಿದ್ದರು. ಕೊನೆಯ ಸಲ ಕಮ್ಮಾರ ಬಂದಾಗ ಅವಳ ಸಹನೆ ಕೆಟ್ಟಿತು.

"ನೋಡಿ, ನೀವು ಹೀಗೆ ಹಟ ಮಾಡಿದರೆ ನಾನೇನು ಮಾಡಲಿ? ನಿಮಗಾಗಿ ಮೂರು ಮಾಡಿದೆ. ಏನು ಕಷ್ಟ ಎಂದು ಬಾಯಿಬಿಟ್ಟು ಹೇಳಬಾರದೇ? ನಾನೇನು ಕನಸು ಕಾಣಬೇಕೇ?"

ಕಮ್ಮಾರನ ಮುಖ ಕಪ್ಪಿಟ್ಟಿತು. ಮೂರು ಕವಚಗಳನ್ನೂ ತೊಳೆದು ಒರೆಸಿ ಚೀಲದಲ್ಲಿ ತಂದಿದ್ದ. ಅವನ್ನು ಮೇಜಿನ ಮೇಲೆ ಇಟ್ಟ.

"ಆಪರೇಷನ್ನೇ ಬೇಡ ಮೇಡಂ. ನೋವು ಇದ್ದರೆ ಇರಲಿ, ತಿದಿ ಒತ್ತಿಕೊಂಡೇ ಇರ್ತೀನಿ. ನಿಮಗೆ ತೊಂದರೆ ಕೊಟ್ಟೆ" ಎಂದು ಕೈ ಮುಗಿದು ಹೊರಟುಹೋದ.

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ತಿದಿಯ ಮುಂದೆ ಅವನು ಕೂರುತ್ತಿದ್ದ ರೀತಿಯನ್ನು ಅವಳು ಕಣ್ಣಾರೆ ನೋಡಿದ್ದಳು. ಆ ಅವಮಾನ ಬೇಕು, ಆ ನೋವು ಬೇಕು, ಇದು ಬೇಡ. ಯಾವ ಲೆಕ್ಕದಲ್ಲಿ? ಕವಚದಲ್ಲೇ ಏನೋ ತಪ್ಪಿದೆ, ತನಗೆ ಕಾಣಿಸುತ್ತಿಲ್ಲ ಎಂದುಕೊಂಡಳು. ಅವನ ಕವಚ ಅವಳ ಕೈಗೆ ದೊಡ್ಡದು. ಅದಕ್ಕೇ ಮೊದಲನೆಯ ಕವಚದ ಓರೆಯಲ್ಲೇ ತನ್ನ ಎಡ ಮಣಿಕಟ್ಟಿಗೆ ಒಂದನ್ನು ಮಾಡಿ ಕಟ್ಟಿಕೊಂಡಳು. ಮಾರನೆಯ ದಿನ ಮಧ್ಯಾಹ್ನದ ತನಕ ಬಿಚ್ಚುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಅದನ್ನು ಕಟ್ಟಿಕೊಂಡೇ ಸ್ಕೂಟರ್ ಓಡಿಸಿದಳು. ರೊಟ್ಟಿ ಬಡಿದಳು, ವಕ್ರವಾದರೂ ಆಯಿತು. ಜಡೆ ಹಾಕಿದಳು. ಬಟ್ಟೆ ಹಿಂಡಿದಳು. ಫಾರಂ ಎದುರಿಗೆ ಇಟ್ಟುಕೊಂಡು ಕಣ್ಣಿಗೆ ಬಿದ್ದ ಸಾಲುಗಳನ್ನು ಒಂದೊಂದಾಗಿ ಮಾಡುತ್ತ ಹೋದಳು. ಮಾಡಿದ್ದೆಲ್ಲವೂ ಆಗುತ್ತದೆ. ಕಮ್ಮಾರ ಹೇಳಿದ್ದು ನಿಜ, ಎಲ್ಲ ಚೆನ್ನಾಗಿದೆ. ಹಾಗಾದರೆ ಬೇಡ ಯಾಕೆ? ಅವಳಿಗೆ ಬುಡವೂ ಸಿಗಲಿಲ್ಲ, ತುದಿಯೂ ಸಿಗಲಿಲ್ಲ.

ಬೆಳಿಗ್ಗೆ ಎದ್ದು ಕಕ್ಕಸಿಗೆ ಹೋಗಿ ಬಂದಳು. ಹೊರಗೆ ನಿಂತು ಕವಚದ ಪಟ್ಟಿಯನ್ನು ಬಿಗಿಯುತ್ತಿದ್ದಳು. ಬಿಗಿಯುತ್ತಿದ್ದ ಕೈ ಹಾಗೇ ನಿಂತುಹೋಯಿತು.

ಬಿಗಿಯುತ್ತಿದ್ದೇನೆ ಎಂದರೆ ಯಾವಾಗಲೋ ಬಿಚ್ಚಿದ್ದೇನೆ. ಯಾವಾಗ ಬಿಚ್ಚಿದೆ? ನೆನಪೇ ಇಲ್ಲ. ಒಳಗೆ ಹೋಗುವ ಮುಂಚೆ ಕೈ ತಾನಾಗಿ ಬಿಚ್ಚಿ ಕಿಟಕಿಯಲ್ಲಿ ಇಟ್ಟಿತ್ತು. ಅವಳು ಕವಚವನ್ನು ಪೂರ್ತಿ ಬಿಗಿದುಕೊಂಡು, ಬಾಗಿಲು ಹಾಕಿ, ಉಟ್ಟ ಬಟ್ಟೆಯ ಮೇಲೆಯೇ ಎಡಗೈಯನ್ನು ಹಿಂದಕ್ಕೆ ಒಯ್ದು ನೋಡಿದಳು. ಕೈ ಮುಟ್ಟಲಿಲ್ಲ. ಮುಂದಿನಿಂದ ಒಯ್ದು ನೋಡಿದಳು. ಹೇಗೆ ತಿರುಗಿಸಿದರೂ ಅಂಗೈ ಎತ್ತಲೋ ನೋಡುತ್ತಿತ್ತು. ತೊಳೆದುಕೊಳ್ಳಬೇಕಾದರೆ ಮಣಿಕಟ್ಟು ಒಳಕ್ಕೆ ಬಾಗಬೇಕು. ಅವಳು ಮಾಡಿಕೊಟ್ಟ ಮೂರರಲ್ಲಿ ಒಂದೂ ಒಳಕ್ಕೆ ಬಾಗಿರಲಿಲ್ಲ. ಒಳಕ್ಕೆ ಬಾಗಿದ ಮಣಿಕಟ್ಟು ಎಂದರೆ ಅವಳ ವಿದ್ಯೆಯಲ್ಲಿ ರೋಗದ ಕೈ, ಅದನ್ನು ಎತ್ತಿ ನಿಲ್ಲಿಸುವುದೇ ಅವಳ ಕೆಲಸ.

ಅಯ್ಯೋ ದೇವರೇ ಎಂದು ಓಡಿಹೋಗಿ ಫಾರಂ ತೆಗೆದಳು. ಹದಿನೇಳನೆಯ ಸಾಲು. ಶೌಚ. ಅದರ ಮುಂದೆ ಅವಳದೇ ಅಕ್ಷರದಲ್ಲಿ, ಸರಿ.

ಅವಳು ಕೇಳಿರಲಿಲ್ಲ. ಹದಿನಾರು ಕೇಳಿ, ಹದಿನೇಳನ್ನು ತಾನೇ ತುಂಬಿ, ಹದಿನೆಂಟಕ್ಕೆ ಹೋಗಿದ್ದಳು. ನಡೆದಾಡುವ ಮನುಷ್ಯ, ಎರಡು ಕೈ ಇರುವ ಮನುಷ್ಯ, ಅವನನ್ನು ಇದನ್ನೆಲ್ಲ ಏನು ಕೇಳುವುದು ಎಂದು ಬರೆದದ್ದು.

ಈಗ ಹೊಸ ಪೇಚು ಶುರುವಾಯಿತು. ಕೇಳುವುದು ಹೇಗೆ? ಕಾಲೇಜಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಕಲಿತಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ಅಂಕವೂ ಬಂದಿತ್ತು. ಕನ್ನಡದಲ್ಲಿ ತಂದೆಯ ವಯಸ್ಸಿನ ಗಂಡಸಿನ ಎದುರು ನಿಂತು ಕೇಳುವ ಮಾತು ಯಾವುದು? ಕುಲುಮೆಯ ದಾರಿಯುದ್ದಕ್ಕೂ ಬಾಯಲ್ಲಿ ಒಂದೊಂದೇ ಹೇಳಿ ನೋಡಿದಳು. ಒಂದು ತೀರ ಪುಸ್ತಕದ ಮಾತು, ಅವನಿಗೆ ಅರ್ಥವಾಗದು. ಇನ್ನೊಂದು ತೀರ ಬಯಲು. ಮತ್ತೊಂದು ಮಕ್ಕಳಿಗೆ ಹೇಳುವ ಮಾತು. ಕುಲುಮೆ ಬಂದುಬಿಟ್ಟಿತು, ಮಾತು ಸಿಕ್ಕಿರಲಿಲ್ಲ.

ಕಮ್ಮಾರ ತಿದಿ ಒತ್ತುತ್ತಿದ್ದ. ಅವಳು ಅಣ್ಣನಿಗೆ, ಸ್ವಲ್ಪ ಚಹ ಕುಡಿದು ಬನ್ನಿ ಎಂದು ಹೇಳಿ ಕಳಿಸಿದಳು. ತನ್ನ ಎಡಗೈ ಮುಂದೆ ಹಿಡಿದಳು.

"ನಿನ್ನೆಯಿಂದ ನಾನೂ ಇದನ್ನು ಕಟ್ಟಿಕೊಂಡಿದ್ದೇನೆ. ಬಿಚ್ಚಬಾರದು ಎಂದುಕೊಂಡಿದ್ದೆ. ಬೆಳಿಗ್ಗೆ ಕಕ್ಕಸಿಗೆ ಹೋಗುವಾಗ ಬಿಚ್ಚಿಟ್ಟೆ. ನೀವು ಏನು ಮಾಡುತ್ತಿದ್ದಿರಿ?"

ಕಮ್ಮಾರನ ಕೈ ತಿದಿಯ ಮೇಲೆ ನಿಂತಿತು.

"ನೀವು ಬಿಚ್ಚಬೇಡಿ ಅಂದಿದ್ದಿರಿ" ಎಂದ. "ಬಿಚ್ಚಲಿಲ್ಲ ಮೇಡಂ. ಮೊದಲನೇ ದಿನ ಆಗಲಿಲ್ಲ. ಎರಡನೇ ದಿನವೂ ಆಗಲಿಲ್ಲ. ಹೊಳೆಗೆ ಇಳಿದು ಸೊಂಟದ ತನಕ ನೀರಲ್ಲಿ ನಿಂತುಕೊಂಡೆ. ರಾತ್ರಿ ಊಟ ಬಿಟ್ಟರೆ ಕಡಿಮೆ ಆದೀತು ಅಂತ ಊಟ ಬಿಟ್ಟೆ. ಈಗೇನೋ ಬಿಚ್ಚಬಹುದು, ನಿಮ್ಮ ಮಾತು ಮೀರಿ ಬಿಚ್ಚಬಹುದಿತ್ತು. ಬೆಸುಗೆ ಹಾಕಿದ ಮೇಲೆ ಎಲ್ಲಿ ಬಿಚ್ಚಲಿ?"

"ಬಲಗೈ..." ಎಂದಳು ಅವಳು.

"ಅದು ಉಣ್ಣೋ ಕೈ ಮೇಡಂ."

ಅವನೇ ಮುಂದುವರಿಸಿದ.

"ನಮ್ಮಪ್ಪನಿಗೆ ಲಕ್ವ ಹೊಡೆದು ನಾಲ್ಕು ವರ್ಷ ಇದ್ದ. ನಮ್ಮವ್ವ ತೊಳೀತಿದ್ದಳು. ಅವ್ವ ಸತ್ತ ಮೇಲೆ ಅತ್ತಿಗೆ ತೊಳೆದಳು. ಆಕೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ಅಪ್ಪ ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ. ಗೋಡೆ ಕಡೆಗೆ ತಿರುಗಿ ಮಲಗಿಯೇ ಪ್ರಾಣ ಬಿಟ್ಟ. ನನಗೆ ನೋವು ದೊಡ್ಡದಲ್ಲ ಮೇಡಂ. ನನ್ನ ಹೆಂಡತಿ ಕೈಲಿ ಚೊಂಬು ಹಿಡಿದುಕೊಂಡು ನನ್ನ ಹಿಂದೆ ಬರೋದು ಬೇಡ. ಅಷ್ಟೇ."

"ಇದನ್ನು ನನಗೆ ಮೊದಲೇ ಹೇಳಬಹುದಿತ್ತಲ್ಲ!"

"ನೀವು ಅಷ್ಟೆಲ್ಲ ಕೇಳಿದಿರಿ. ಗುಂಡಿ, ಬಾಚಣಿಗೆ, ಚಿಲಕ. ಇದನ್ನು ಕೇಳಲಿಲ್ಲ. ಇದು ಕೇಳೋ ಮಾತಲ್ಲವೇನೋ ಅಂದುಕೊಂಡೆ. ಕೇಳೋ ಮಾತಲ್ಲ ಅಂದಮೇಲೆ ನಾನು ಹೇಗೆ ಹೇಳಲಿ?"

ಅವಳ ಕಣ್ಣು ತುಂಬಿ ಬಂತು. ಮೂರು ವಾರ ಈ ಮನುಷ್ಯನನ್ನು ಹೊಳೆಯ ಚಳಿ ನೀರಿನಲ್ಲಿ ನಿಲ್ಲಿಸಿದ್ದು ತಾನು, ಮೇಲೆ ಹಟ ಎಂದು ಬಯ್ದದ್ದೂ ತಾನು. ಅವಳು ಅಲ್ಲೇ, ಆ ಕುಲುಮೆಯಲ್ಲೇ, ಅವನಿಗೆ ತಪ್ಪಾಯಿತು ಎಂದು ಹೇಳಿದಳು. ಅವನು ಗಾಬರಿಯಾಗಿ, ಅಯ್ಯೋ ಬಿಡಿ ಮೇಡಂ, ಏನು ನೀವು, ಎಂದ.

ಅಂದೇ ನಾಲ್ಕನೆಯ ಕವಚ ಮಾಡಿದಳು. ಅದರಲ್ಲಿ ಮಣಿಕಟ್ಟು ಅಂಗೈ ಕಡೆಗೆ ತುಸು ಬಾಗಿತ್ತು. ಮೂರು ದಿನ ಬಿಟ್ಟು ಕಮ್ಮಾರ ಬಂದಾಗ ಅವಳು ಮೊದಲು ಕೇಳಿದ್ದು ಹದಿನೇಳನೆಯ ಸಾಲನ್ನು. ಅವನು ಈ ಸಲ ಕಣ್ಣು ತಪ್ಪಿಸಲಿಲ್ಲ. "ಆಯ್ತು ಮೇಡಂ" ಎಂದ.

"ಆದರೆ ಮುಷ್ಟಿಯ ಬಲ ಕಡಿಮೆಯಾಗುತ್ತದೆ. ಇಕ್ಕಳ ಓರೆಯಾಗಿ ಕೂರುತ್ತದೆ. ಕೆಲಸಕ್ಕೆ ಕಷ್ಟ."

ಕಮ್ಮಾರ ನಕ್ಕ. ಮೂರು ವಾರದಲ್ಲಿ ಅವನು ನಕ್ಕದ್ದು ಅದು ಎರಡನೆಯ ಸಲ. "ಇಕ್ಕಳ ಏನು ಮೇಡಂ, ಕಬ್ಬಿಣ ತಾನೇ. ಅದನ್ನು ಕಾಯಿಸಿ ನನ್ನ ಕೈಗೆ ಬೇಕಾದ ಹಾಗೆ ಬಗ್ಗು ಅಂದರೆ ಬಗ್ಗುತ್ತೆ."

ಡಾಕ್ಟರು ಮಾತ್ರ ಒಪ್ಪಲಿಲ್ಲ. "ಒಳಕ್ಕೆ ಬಾಗಿಸಿ ಬೆಸೆಯುವುದೇ? ಒಳ್ಳೆ ಕೈಯನ್ನು ರೋಗದ ಕೈ ಮಾಡುವುದೇ? ಯಾವ ಪುಸ್ತಕದಲ್ಲಿದೆ?" ಎಂದು ಆಸ್ಪತ್ರೆಯ ಮೀಟಿಂಗಿನಲ್ಲಿ ಎಲ್ಲರ ಎದುರಿಗೇ ಗದರಿದರು. ಅಲ್ಲಿ ಆರು ಜನ ಡಾಕ್ಟರು, ಇಬ್ಬರು ನರ್ಸುಗಳು. ಕೈ ಮೇಡಂ ಇಂಗ್ಲಿಷಿಗೆ ಹೋಗದೆ, ಅಚ್ಚ ಕನ್ನಡದಲ್ಲಿ ಹೇಳಿದಳು: "ಇವರು ಕುಂಡೆ ತೊಳೆದುಕೊಳ್ಳಬೇಕು ಸಾರ್."

ಯಾರೂ ನಗಲಿಲ್ಲ. ಡಾಕ್ಟರು ತಮ್ಮ ಎಡಗೈಯನ್ನು ಮೇಜಿನ ಕೆಳಗೆ ಒಂದು ಸಲ ಬಗ್ಗಿಸಿ ನೋಡಿಕೊಂಡರು. "ಎಷ್ಟು ಡಿಗ್ರಿ?" ಎಂದು ಕೇಳಿ ಬರೆದುಕೊಂಡರು.

ಆಪರೇಷನ್ ಆಯಿತು. ನಾಲ್ಕು ತಿಂಗಳು ಬಿಟ್ಟು ಕಮ್ಮಾರ ಇಕ್ಕಳದ ಹಿಡಿಗಳನ್ನು ಕಾಯಿಸಿ ತನ್ನ ಮಣಿಕಟ್ಟಿನ ಓರೆಗೆ ಬಾಗಿಸಿಕೊಂಡ. ಅಣ್ಣ ಅದನ್ನು ಹಿಡಿದು ನೋಡಿ, ಇದೆಂಥ ಸೊಟ್ಟ ಇಕ್ಕಳವೋ ಮಾರಾಯ, ಎಂದು ಬಯ್ದು ತಾನೇ ತಿದಿ ಒತ್ತಲು ಕೂತ. ಕಮ್ಮಾರನ ಹೆಂಡತಿ ಮಾತ್ರ, ಕೈ ಸರಿಹೋಗುತ್ತಲೂ ಇವರ ಭಕ್ತಿ ಹೊರಟುಹೋಯಿತು ನೋಡಿ ಎಂದು ಇವತ್ತಿಗೂ ಬೇಸರ ಮಾಡಿಕೊಳ್ಳುತ್ತಾಳೆ.

ಕೈ ಮೇಡಂ ಸಂತೋಷಪಟ್ಟಳೇ? ಒಂದು ದಿನ ಪಟ್ಟಳು. ಮಾರನೆಯ ದಿನ ಬೀರು ತೆಗೆದು ಹಳೆಯ ಫಾರಂಗಳನ್ನು ನೋಡಿದಳು. ಒಂಬತ್ತು ವರ್ಷದವು. ಗಾರೆಯವನದು, ದರ್ಜಿಯದು, ಹೂ ಕಟ್ಟುವವಳದು, ಎರಡೂ ಕೈ ಸುಟ್ಟುಕೊಂಡ ಮದುವಣಗಿತ್ತಿಯದು. ಒಂದೊಂದರಲ್ಲೂ ಹದಿನೇಳನೆಯ ಸಾಲಿಗೆ ಬೆರಳಿಟ್ಟಳು. ಸರಿ. ಸರಿ. ಸರಿ. ಎಲ್ಲ ಅವಳದೇ ಅಕ್ಷರ. ಇವರಲ್ಲಿ ಯಾರನ್ನು ಕೇಳಿ ಬರೆದೆ, ಯಾರನ್ನು ಕೇಳದೆ ಬರೆದೆ? ಎಷ್ಟು ಯೋಚಿಸಿದರೂ ಒಬ್ಬರನ್ನಾದರೂ ಕೇಳಿದ ನೆನಪು ಬರಲಿಲ್ಲ. ವ್ಯಾಯಾಮ ಬಿಟ್ಟು ಹೋದವರು, ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದವರು, ಹಟಮಾರಿಗಳೆಂದು ಅವಳು ಬಯ್ದವರು, ಎಲ್ಲರೂ ಆ ಕಟ್ಟಿನಲ್ಲಿದ್ದರು. ಎಲ್ಲಿಂದ ಶುರುಮಾಡುವುದು, ಯಾರ ಮನೆಯ ಬಾಗಿಲು ತಟ್ಟುವುದು, ಇಷ್ಟು ವರ್ಷದ ಮೇಲೆ ಹೋಗಿ ಏನೆಂದು ಕೇಳುವುದು, ಅವಳಿಗೆ ದಿಕ್ಕೇ ತೋಚಲಿಲ್ಲ. ಬೀರುವಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ಕತೆ ಮುಂದೆ ಹೋಗುವ ಹಾಗೆ ಕಾಣಲಿಲ್ಲ.

"ಅಲ್ಲಾ ಮೇಷ್ಟ್ರೇ, ಆಮೇಲೆ? ಅವಳು ಆ ಫಾರಂಗಳನ್ನು ಏನು ಮಾಡಿದಳು?"

"ಅವಳ ಮಾತು ಅವಳಿಗಿರಲಿ. ಆರು ವಾರದ ಕೆಳಗೆ ನೀನು ಆ ಹೆಂಗಸಿನ ಫಾರಂ ತುಂಬಿದೆಯಲ್ಲ, ಹದಿನೇಳನೆಯ ಸಾಲಿನ ಮುಂದೆ ಏನು ಬರೆದಿದ್ದೀಯೆ?"